ಅಪ್ಪನ ಮನೆಯ ಕಡೆಗೆ ಓಟ

ಅಪ್ಪಾ,

ಯುದ್ಧದಲ್ಲಿ ಅಮ್ಮ ನನ್ನನ್ನೆತ್ತಿಕೊಂಡು ಓಡಿಬಂದಳು. ನೀನು ಸಹಾರಾದಲ್ಲಿ ಸೈನ್ಯ ಕಟ್ಟಿದ ಮರಳುಗೋಡೆಯ ಆಚೆಯೇ ಉಳಿದು, ಹೋದ ವರ್ಷ ತೀರಿಕೊಂಡೆ.

ನಮ್ಮ ಸ್ಮಾರಾ ನಿರಾಶ್ರಿತರ ಶಿಬಿರದಲ್ಲಿ ಮುಂದಿನ ತಿಂಗಳು ಇಪ್ಪತ್ತೊಂದು ಕಿಲೋಮೀಟರ್ ಓಟ. ಐವತ್ತು ದಾಟಿದ ನಾನೂ ಹೆಸರು ಕೊಟ್ಟಿದ್ದೇನೆ. ದಿನಾ ಡೇರೆಗಳನ್ನೇ ಸುತ್ತುತ್ತೇನೆ. "ಈ ವಯಸ್ಸಲ್ಲಿ ಯಾರೇ ಅಟ್ಟಿಸ್ಕೊಂಡು ಬರ್ತಿರೋದು?" ಎಂದು ಪಕ್ಕದ ಡೇರೆಯ ಎಂಗಿಯಾ ನಗುತ್ತಾಳೆ.

ಸುತ್ತಿ ಸುತ್ತಿ ಉಸಿರು ಕಟ್ಟಿದಂತಾಗಿ, ಇವತ್ತು ನೇರ ನಿನ್ನ ಕಡೆಗೆ ಓಡಿದೆ. ಹನ್ನೊಂದನೇ ಕಿಲೋಮೀಟರಿನಲ್ಲಿ ನಮ್ಮ ಕಡೆಯ ಕಾವಲಿನವನು ತಡೆದ.

"ಎಲ್ಲಿಗಕ್ಕಾ?"

"ಅಪ್ಪನ ಮನೆಗೆ."

"ಮುಂದೆ ಬಾಂಬ್ ಹೂತಿದಾರೆ. ವಾಪಸ್ ಹೋಗಕ್ಕಾ."

ಹಿಂದೆ ನಿನ್ನನ್ನು ನೋಡಿಬರಲು ವಿಶ್ವಸಂಸ್ಥೆಯ ವಿಮಾನದಲ್ಲಿ ಜಾಗ ಸಿಕ್ಕಿದಾಗ, "ಮುಂದಿನ ಸಲ ಹೋಗ್ತೀನಿ" ಅಂದಿದ್ದೆ. ಆಮೇಲೆ ವಿಮಾನಗಳೇ ನಿಂತುಹೋದವು.

ತಿರುಗಿ ಓಡಿದೆ. ಓಟಕ್ಕೆ ಬೇಕಾದಷ್ಟು ದೂರ ಇವತ್ತು ಮೊದಲ ಸಲ ಓಡಿ ಮುಗಿಸಿದೆ. ಅರ್ಧ ನಿನ್ನ ಕಡೆಗೆ, ಅರ್ಧ ನಿನಗೆ ಬೆನ್ನು ಹಾಕಿ.