ಐದಕ್ಕೆ ಸರಿಯಾಗಿ ಎದ್ದ ಕೈ

ಅತ್ತಿಯವರೇ,

ನಿಮಗೆ ನಾನು ಯಾವತ್ತೂ ಪತ್ರ ಬರೆದವಳಲ್ಲ. ಹದಿನಾರು ವರ್ಷ ಒಂದೇ ಮನೆಯಲ್ಲಿ ಇದ್ದೆವು, ಅಡಿಗೆಮನೆಯಿಂದ ಕೂಗಿದರೆ ಪಡಸಾಲೆಗೆ ಕೇಳುತ್ತಿತ್ತು, ಪತ್ರ ಯಾಕೆ ಬೇಕಿತ್ತು? ಈಗ ಎಲ್ಲಿಗೆ ಕೂಗಬೇಕೋ ತಿಳಿಯದೆ ಬರೆಯಲು ಕೂತಿದ್ದೇನೆ. ಬರುವ ಶಿವರಾತ್ರಿಗೆ ನೀವು ಹೋಗಿ ಎರಡು ವರ್ಷ. ನಿಮ್ಮ ಮಗ ಬೀಜದ ಅಂಗಡಿಗೆ ಹೋಗಿದ್ದಾರೆ. ಕಿಟಕಿ ಪಕ್ಕದ ನಿಮ್ಮ ಕುರ್ಚಿಯಲ್ಲೇ ಕೂತಿದ್ದೇನೆ, ಬೈಯಬೇಡಿ. ನಿಮಗೆ ಒಂದು ಸುದ್ದಿ ಹೇಳುವುದಿದೆ. ಅದಕ್ಕೂ ಮೊದಲು ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ನಿಮ್ಮ ಜೊತೆ ಸ್ವಲ್ಪ ಜಗಳವೂ ಬಾಕಿ ಇದೆ.

ಹಾವೇರಿಗೆ ಹಿಪ್ನೊಥೆರಪಿ ಕಲಿಯಲು ಹೋಗುತ್ತೇನೆ ಎಂದು ನಾನು ಹೇಳಿದ ದಿನ ನೆನಪಿದೆಯಾ? ಊಟಕ್ಕೆ ಕೂತಿದ್ದೆವು. ಇಲ್ಲಿ ರಾಣೇಬೆನ್ನೂರಿನ ಆಸ್ಪತ್ರೆಯ ಫಿಜಿಯೋಥೆರಪಿ ಕೋಣೆಯಲ್ಲಿ ಹನ್ನೆರಡು ವರ್ಷ ಜನರ ಮೊಣಕಾಲು, ಸೊಂಟ, ಹೆಗಲು ಹಿಡಿದು ಹಿಡಿದು ನನಗೆ ಒಂದು ಮಾತು ಖಾತ್ರಿಯಾಗಿತ್ತು. ನೋವು ಬರೀ ಮೂಳೆಯಲ್ಲಿ ಇರುವುದಿಲ್ಲ, ಮನಸ್ಸಿನಲ್ಲೂ ಮನೆ ಮಾಡಿಕೊಂಡಿರುತ್ತದೆ. ಮನಸ್ಸನ್ನು ಮಾತಿನಿಂದಲೇ ಶಾಂತ ಮಾಡಿ ಮೈಯ ನೋವು ಇಳಿಸುವುದನ್ನು ಅಲ್ಲಿ ಕಲಿಸುತ್ತಾರೆ ಎಂದು ನಾನು ವಿವರಿಸುತ್ತಿದ್ದರೆ ನಿಮ್ಮ ಮಗ ರೊಟ್ಟಿ ಮುರಿಯುತ್ತ ನಕ್ಕರು. "ವಶೀಕರಣ ಕಲ್ಯಾಕ ಹೊಂಟಾಳ ನೋಡು ನಿನ್ನ ಸೊಸಿ." ನೀವು ತಲೆ ಕೂಡ ಎತ್ತಲಿಲ್ಲ. "ನಿನ್ನ ಮ್ಯಾಲ ಅದು ಮದುವ್ಯಾದ ವರ್ಷಾನ ಆಗೈತಿ. ಅದಕ್ಕ ಹಾವೇರಿಗೆ ಯಾಕ ಹೋಗಬೇಕು?" ಎಂದು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಿರಿ. ಆಮೇಲೆ ನನ್ನ ಕಡೆ ತಿರುಗಿ, "ಹೋಗವ್ವಾ ಶೈಲವ್ವಾ. ರವಿವಾರದ ಅಡಗಿ ನಾ ನೋಡ್ಕೋತೇನಿ" ಎಂದಿರಿ. ಹತ್ತು ತಿಂಗಳು ನೋಡಿಕೊಂಡಿರಿ ಕೂಡ.

ತರಬೇತಿಯ ಮೊದಲ ದಿನ ನಮ್ಮ ಡಾಕ್ಟರ್ ಮೇಡಂ ಹಲಗೆಯ ಮೇಲೆ ಒಂದೇ ಒಂದು ಸಾಲು ಬರೆದರು. ಡಾಕ್ಟರ್ ನೋಡದ ನೋವನ್ನು ಇಳಿಸಬೇಡಿ. "ನೋವು ಅಂದರೆ ಬಾಗಿಲು ಬಡಿಯೋ ಸಪ್ಪಳ. ಯಾರು ಬಂದಾರ ನೋಡದೇ ಕಿವಿಗೆ ಹತ್ತಿ ತುರುಕ್ಕೊಂಡು ಕೂಡಬಾರದು" ಎಂದರು. ಇನ್ನೊಂದು ದಿನ ಕೈ ತಾನಾಗಿ ಮೇಲೇಳುವ ಪರೀಕ್ಷೆ ಕಲಿಸಿದರು. ಹತ್ತರಿಂದ ಕೆಳಗೆ ಎಣಿಸುತ್ತ, ಐದಕ್ಕೆ ಬಂದಾಗ ಕೈ ಹಗುರಾಗಿ ಏಳುತ್ತದೆ ಎಂದು ಹೇಳಬೇಕು. ಮನಸ್ಸು ಖರೇ ಆಳಕ್ಕೆ ಇಳಿದಿದ್ದರೆ ಆ ಕೈ ತಡವಾಗಿ, ತಡವರಿಸುತ್ತ, ಸಣ್ಣಗೆ ಜಗ್ಗುತ್ತ ಏಳುತ್ತದಂತೆ. "ಹೇಳಿದ ಎಣಿಕೆಗೆ ಸರಿಯಾಗಿ ನೀಟಾಗಿ ಎದ್ದರೆ ಅವರು ನಿಮ್ಮನ್ನ ಖುಷಿ ಮಾಡಾಕತ್ತಾರ ಅಂತ ತಿಳೀರಿ." ಎರಡೂ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೆಳಗೆ ಗೆರೆಯನ್ನೂ ಎಳೆದೆ.

ದಸರಾ ಮುಗಿದ ವಾರ ನೀವು ಇದೇ ಕುರ್ಚಿಯಲ್ಲಿ ಬಂದು ಕೂತಿರಿ. ಒಬ್ಬರೇ ವ್ಯಕ್ತಿಯ ಮೇಲೆ ಐದು ಸಲ ಮಾಡಿ, ಅದನ್ನು ಬರೆದು ಒಪ್ಪಿಸಿದರೆ ಮಾತ್ರ ಸರ್ಟಿಫಿಕೇಟು. ಆಸ್ಪತ್ರೆಯ ಗೆಳತಿಯೊಬ್ಬಳ ಮೇಲೆ ಮಾಡಲು ಹೋದರೆ ಅವಳು ಗೊರಕೆ ಹೊಡೆದಿದ್ದಳು. ನಿಮ್ಮ ಮಗನಂತೂ ಕಣ್ಣು ಮುಚ್ಚಿದ ಕೂಡಲೇ ಕಿಸಕ್ಕನೆ ನಗುತ್ತಿದ್ದರು. "ನನ್ನ ಬೆನ್ನು ಭಾಳ ನೋಯಾಕತ್ತೈತಿ, ನನಗ ಮಾಡು" ಎಂದು ನೀವೇ ಮುಂದೆ ಬಂದಿರಿ. ಬೆನ್ನಿನ ಆ ನೋವನ್ನು ಯಾವ ಡಾಕ್ಟರೂ ನೋಡಿರಲಿಲ್ಲ. ಆದರೆ ಬೆನ್ನುನೋವು ನನ್ನ ದಿನನಿತ್ಯದ ಕಸುಬಲ್ಲವೇ? ಬಗ್ಗಿ ಎದ್ದು ಸ್ನಾಯು ಹಿಡಿದಿದೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಪುಸ್ತಕದಲ್ಲಿದ್ದ ಹಾಗೆ, "ನೀವು ಸಮುದ್ರದ ದಂಡೆಯ ಮೇಲೆ ಮಲಗಿದ್ದೀರಿ" ಎಂದು ಶುರು ಮಾಡಿದೆ. ನೀವು ಒಂದು ಕಣ್ಣು ತೆರೆದಿರಿ.

"ತಡಿ ತಡಿ. ಸಮುದ್ರ ನಾ ನೋಡಿಲ್ಲ. ಐರಣಿ ಹೊಳಿ ನಡೀತೈತೇನು?"

"ನಡೀತೈತ್ರಿ."

"ಹಂಗಾರ ಹೇಳು. ತವರಿಗೆ ಹೋಗಾಕ ನಾ ಯಾವಾಗ್ಲೂ ತಯಾರು."

ಐದು ಎಂದೆ. ನಿಮ್ಮ ಬಲಗೈ ಎದ್ದಿತು. ಶನಿವಾರ ಕದರಮಂಡಲಗಿ ಆಂಜನೇಯನ ಮುಂದೆ ಮಂಗಳಾರತಿಗೆ ಕೈ ಚಾಚುತ್ತಿದ್ದಿರಲ್ಲ, ಹಾಗೆ, ಒಂದೇ ಏಟಿಗೆ, ಎಲ್ಲೂ ನಿಲ್ಲದೆ. ಮುಗಿದ ಮೇಲೆ ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿದೆ. ಕೂಡುವ ಮೊದಲು ಎಂಟು ಎಂದಿದ್ದವರು ಈಗ "ಎರಡವ್ವಾ" ಎಂದಿರಿ. ಸೆರಗು ಸರಿಮಾಡಿಕೊಳ್ಳುತ್ತ ಕೇಳಿದಿರಿ, "ಪಾಸಾದೀಯೇನವ್ವಾ?" ನಾನು ನಕ್ಕೆ. ಐದೂ ಸಲ ನೀವು ಕಣ್ಣು ತೆರೆದ ಕೂಡಲೇ ಕೇಳಿದ್ದು ಅದನ್ನೇ, ಐದೂ ಸಲ ನಾನು ನಕ್ಕಿದ್ದೇ ಉತ್ತರ.

ಈಗ ತಪ್ಪು ಒಪ್ಪಿಕೊಳ್ಳುತ್ತೇನೆ. ಐದೂ ಸಲ ನಿಮ್ಮ ಕೈ ಐದಕ್ಕೆ ಸರಿಯಾಗಿ ಎದ್ದಿತು. ಗೆರೆ ಎಳೆದುಕೊಂಡಿದ್ದ ಮಾತು ನನಗೆ ನೆನಪಾಗಲಿಲ್ಲವೇ? ಗೊತ್ತಾಗಲಿಲ್ಲ ಎಂದರೆ ಸುಳ್ಳು. ಗೊತ್ತಾಗಿತ್ತು ಎನ್ನಲು ಬಾಯಿ ಬರುವುದಿಲ್ಲ. ಎಂಟರಿಂದ ಎರಡು ಎಂದು ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತ್ತು ಅತ್ತಿ, ಅಷ್ಟು ಮಾತ್ರ ಖರೇ. ಆಮೇಲೆ ಬರೆದೆ. ನನಗೆ ಆ ಸರ್ಟಿಫಿಕೇಟು ಬೇಕಾಗಿತ್ತು, ನಿಮ್ಮ ಮಗನ ನಗು ನಿಲ್ಲಿಸಬೇಕಾಗಿತ್ತು.

ದೀಪಾವಳಿ ಆದಮೇಲೆ ನೀವು ಎರಡು ರೊಟ್ಟಿಯಿಂದ ಒಂದಕ್ಕೆ ಬಂದಿರಿ, ಆಮೇಲೆ ಅರ್ಧಕ್ಕೆ. ಕುಪ್ಪಸಗಳನ್ನು ಬಿಗಿ ಮಾಡಿಸಿಕೊಡು ಎಂದು ನನ್ನ ಕೈಗೇ ಕೊಟ್ಟಿರಿ, ನಾನೇ ಒಯ್ದು ದರ್ಜಿಗೆ ಕೊಟ್ಟು ಬಂದೆ. ಬೆನ್ನು ಹೇಗಿದೆ ಎಂದರೆ ಗೋಡೆ ಹಿಡಿದು ನಿಂತು, "ಎರಡವ್ವಾ" ಎನ್ನುತ್ತಿದ್ದಿರಿ. ನಾನು ಕಲಿಸಿದ ಲೆಕ್ಕದಲ್ಲೇ ನನಗೆ ಉತ್ತರ ಕೊಡುತ್ತಿದ್ದಿರಿ. ಕಣ್ಣೆದುರಿಗೇ ಇದ್ದೆನಲ್ಲ, ಅರ್ಧ ರೊಟ್ಟಿಯನ್ನು ನೋಡಲಿಲ್ಲ, ಎರಡು ಎಂದದ್ದನ್ನು ಮಾತ್ರ ಕೇಳಿಸಿಕೊಂಡೆ. ಸಂಕ್ರಾಂತಿಯ ಬೆಳಗ್ಗೆ ದೇವರ ಕೋಣೆಯಲ್ಲಿ ಕೈಯಲ್ಲಿ ಬತ್ತಿ ಹಿಡಿದು ನೆಲದ ಮೇಲೆ ಕೂತಿದ್ದಿರಿ. ಏಳಲು ಆಗುತ್ತಿರಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಹೊಟ್ಟೆಯ ಹಿಂಭಾಗದಲ್ಲಿ ಗಡ್ಡೆ ಇದೆ, ಬೆಳೆದುಬಿಟ್ಟಿದೆ ಎಂದರು. ಬೆನ್ನಿಗೆ ಬರುತ್ತಿದ್ದ ನೋವು ಅಲ್ಲಿಯದು. ಎಷ್ಟು ದಿನದಿಂದ ನೋವು, ಯಾಕೆ ತೋರಿಸಲಿಲ್ಲ ಎಂದು ಅವರು ನನ್ನನ್ನೇ ಕೇಳಿದರು. ಉತ್ತರ ಕೊಟ್ಟವರು ನೀವು, ಮಲಗಿದಲ್ಲಿಂದಲೇ. "ಕಡಿಮಿ ಆಗಿತ್ರೀ ಸಾಹೇಬ್ರ. ನಮ್ಮ ಸೊಸಿ ಕಡಿಮಿ ಮಾಡಿದ್ಲು." ಎಷ್ಟು ಹೆಮ್ಮೆಯಿಂದ ಹೇಳಿದಿರಿ! ನನ್ನ ಜೀವಮಾನದಲ್ಲಿ ನನ್ನನ್ನು ಯಾರೂ ಹಾಗೆ ಹೊಗಳಿಲ್ಲ, ಯಾವ ಬೈಗುಳವೂ ಅಷ್ಟು ನೋಯಿಸಿಲ್ಲ. ಮೂರು ತಿಂಗಳು ಮೊದಲು ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಹೊರಗೆ ಬಂದು ಡಾಕ್ಟರನ್ನು ಕೇಳಿದೆ. "ಹೇಳಾಕ ಬರೂದಿಲ್ರಿ" ಎಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಅಷ್ಟೇ ಉತ್ತರ ಇದೆ.

ಮನೆಗೆ ಕರೆತಂದು ಎರಡು ವಾರವಾಗಿತ್ತು. ಮಧ್ಯಾಹ್ನ, ಗುಳಿಗೆ ಕೊಟ್ಟು ನೀರಿನ ಲೋಟ ಇಡುತ್ತಿದ್ದೆ. ನೀವು ನನ್ನ ಮಣಿಕಟ್ಟು ಹಿಡಿದುಕೊಂಡಿರಿ.

"ಇವತ್ತ ಖರೇ ಮಾಡವ್ವಾ."

"ಏನ್ರಿ ಖರೇ?"

"ಅದ, ಹೊಳಿ ದಂಡಿ. ಅವಾಗೆಲ್ಲಾ ನಾ ಸುಳ್ಳ ಸುಳ್ಳ ಕೈ ಎತ್ತತಿದ್ದೆ. ಅಂವ ನೋಡಿದ್ರ ನಗ್ತಾನ, ನೀ ನೋಡಿದ್ರ ರವಿವಾರಕ್ಕೊಮ್ಮೆ ಬಸ್ಸಿನ್ಯಾಗ ನಿಂತು ಹೋಗಿ ಬರ್ತಿ. ನೀ ಪಾಸ್ ಆಗಬೇಕಿತ್ತಲ್ಲವ್ವಾ. ಈಗ ಮಾತ್ರ ತಡಕೊಳ್ಳಾಕ ಆಗವಲ್ದು."

ಜಗಳ ಬಾಕಿ ಇದೆ ಎಂದೆನಲ್ಲ, ಅದು ಇಲ್ಲಿಯದು. ಯಾರು ಕೇಳಿದ್ದರು ನಿಮ್ಮನ್ನು? ನನ್ನನ್ನು ಪಾಸು ಮಾಡಿಸಲು ನಿಮ್ಮ ನೋವನ್ನು ನೀವು ಮುಚ್ಚಿಟ್ಟುಕೊಳ್ಳಬೇಕು ಅಂತ ಯಾರು ಹೇಳಿದ್ದರು? ಒಂದು ಸಲ, ಒಂದೇ ಒಂದು ಸಲ ಮುಗಿದ ಮೇಲೂ ಎಂಟೇ ಎಂದಿದ್ದರೆ ನಾನು... ಇಲ್ಲ. ಪೆನ್ನು ನಿಂತಾಗಲೇ ನಾನು ನಿಲ್ಲಬೇಕಿತ್ತು. ಅವತ್ತು ಪಕ್ಕದಲ್ಲಿ ಕೂತು ಹತ್ತು ಎಂದೆ. ಒಂಬತ್ತು, ಎಂಟು, ಏಳು. ಆರು ಎಂದು ಅಲ್ಲಿಗೇ ನಿಂತುಬಿಟ್ಟೆ. ಹೊದಿಕೆಯ ಮೇಲೆ ಕೈ ಇಟ್ಟುಕೊಂಡು, ಕಣ್ಣು ಮುಚ್ಚಿ ನೀವು ಕಾಯುತ್ತಲೇ ಇದ್ದಿರಿ. "ಮುಂದ ಎಣಸವ್ವಾ" ಎಂದಿರಿ. ಆಗಲಿಲ್ಲ. ಹೊದಿಕೆಗೆ ಮುಖ ಒತ್ತಿ ಅತ್ತುಬಿಟ್ಟೆ. ಆಗ ನಿಮ್ಮ ಕೈ ಎದ್ದಿತು, ನನ್ನ ತಲೆ ಸವರಲು. ನಾಲ್ಕನೆಯ ದಿನ ನೀವು ಹೋದಿರಿ. ನೀವು ಖರೇ ಬೇಡಿದ್ದು ಒಂದೇ ಸಲ, ಅದನ್ನು ನಾನು ಆರಕ್ಕೇ ಬಿಟ್ಟುಬಿಟ್ಟೆ.

ನಿಮ್ಮ ಕಾರ್ಯದ ದಿನಗಳೆಲ್ಲ ಮುಗಿದ ಮೇಲೆ ಹಾವೇರಿಗೆ ಹೋಗಿ ಮೇಡಂ ಮುಂದೆ ಎಲ್ಲ ಹೇಳಿದೆ. ನಿಮ್ಮ ಹೆಸರಿನ ಐದೂ ಹಾಳೆಗಳನ್ನು ವಾಪಸು ಕೇಳಿದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಇದನ್ನ ಮುಂದಿನ ಕ್ಲಾಸಿನವರ ಮುಂದೆ ನಿಂತು ಹೇಳ್ತೀರೇನು?" ಎಂದು ಮಾತ್ರ ಕೇಳಿದರು. ನಿಂತು ಹೇಳಿದೆ. ಸರ್ಟಿಫಿಕೇಟು ಅಲ್ಲೇ ಉಳಿಯಿತು, ಹೊಸದಾಗಿ ಐದು ಸಲ ಮಾಡಿ ತೋರಿಸಿದರೆ ಸಿಗುತ್ತಿತ್ತು. ಮಾಡಲು ಕೂತಾಗಲೆಲ್ಲ ಆರಕ್ಕೆ ನನ್ನ ದನಿ ನಿಂತುಬಿಡುತ್ತಿತ್ತು. ನಿಮ್ಮ ಮಗ ಆಮೇಲೆ ಒಂದು ದಿನವೂ ನಗಲಿಲ್ಲ. "ಬಿಡಬ್ಯಾಡ, ಅವ್ವಗ ಬೇಕಾಗಿತ್ತು ಅದು" ಎಂದರು. ಅವರ ಬಾಯಿಂದ ಆ ಮಾತು ಬರಲು ನೀವು ಹೋಗಬೇಕಾಯಿತು ನೋಡಿ.

ಈ ವರ್ಷ ಮೆಣಸಿನಕಾಯಿ ಸುಗ್ಗಿ ಮುಗಿದ ಮೇಲೆ ಬ್ಯಾಡಗಿಯಿಂದ ಒಬ್ಬ ಹೆಣ್ಣುಮಗಳು ನಮ್ಮ ಫಿಜಿಯೋಥೆರಪಿ ಕೋಣೆಗೆ ಬಂದರು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ, ಉಗುರಿನ ಸಂದಿಯೆಲ್ಲ ಕೆಂಪು. ಜೊತೆಗೆ ಬಂದಿದ್ದ ಮಗಳು ಹೊರಗೆ ಕೂತಿದ್ದಳು. ಬೆನ್ನು ನೋವು. ಡಾಕ್ಟರಿಗೆ ತೋರಿಸಿದ್ದೀರಾ ಎಂದರೆ, "ತೋರ್ಸೇವ್ರಿ" ಎಂದರು. ಎಣಿಸಲು ನನಗೆ ಧೈರ್ಯ ಇರಲಿಲ್ಲ, ಕಣ್ಣು ಮುಚ್ಚಿಸಿ ಕೈ ಹಗುರಾಗುತ್ತಿದೆ ಎಂದಷ್ಟೇ ಹೇಳಿದೆ. ಮಾತು ಮುಗಿಯುವುದರೊಳಗೆ ಕೈ ಎದ್ದಿತು. ಒಂದೇ ಏಟಿಗೆ, ಮಂಗಳಾರತಿಗೆ ಎದ್ದ ಹಾಗೆ. ಆ ಕೈಯನ್ನು ನಾನು ಬಲ್ಲೆ ಅತ್ತಿ.

"ಕೈ ಇಳಸ್ರಿ ಅಕ್ಕಾರ. ನನ್ನ ಸಲುವಾಗಿ ಎತ್ತಬ್ಯಾಡ್ರಿ. ಡಾಕ್ಟರಿಗೆ ತೋರ್ಸೇವಿ ಅಂದಿದ್ದೂ ಹಿಂಗ ಏನ್ರಿ?"

ಅವರು ಕಣ್ಣು ತೆರೆದು ಬಾಗಿಲ ಕಡೆ ನೋಡಿದರು. "ಮಗಳು ಕೆಲಸಾ ಬಿಟ್ಟು ಕರ್ಕೊಂಡು ಬಂದಾಳ್ರಿ. ಕಡಿಮಿ ಆತು ಅಂದ್ರ ಅಕಿಗೊಂದು ಸಮಾಧಾನ" ಎಂದು ಅಳಲು ಶುರು ಮಾಡಿದರು. ಎಷ್ಟು ರೊಟ್ಟಿ ಉಣ್ಣುತ್ತೀರಿ ಎಂದು ಕೇಳಿದೆ. ಒಂದು ಎಂದರು, ಮೊದಲು ಮೂರು ಉಣ್ಣುತ್ತಿದ್ದರಂತೆ. ಕೈಹಿಡಿದು ನಮ್ಮ ಆಸ್ಪತ್ರೆಯ ಡಾಕ್ಟರ ಹತ್ತಿರ ಕರೆದೊಯ್ದೆ. ಮೂತ್ರಪಿಂಡದ ಮೇಲೆ ಗಡ್ಡೆ ಇತ್ತು. ಸಣ್ಣದಿತ್ತು ಅತ್ತಿ, ಇನ್ನೂ ಸಣ್ಣದಿತ್ತು. ಆಪರೇಷನ್ ಆಯಿತು. ಈಗ ಮೂರು ರೊಟ್ಟಿ ಉಣ್ಣುತ್ತಾರೆ.

ಶ್ರಾವಣದಲ್ಲಿ ಅವರು ತಾವಾಗಿಯೇ ತಿರುಗಿ ಬಂದರು. ಹೊಲಿಗೆ ಹಾಕಿದ ಜಾಗ ಜಗ್ಗುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಈ ಸಲ ಡಾಕ್ಟರ ಚೀಟಿ ಕೈಯಲ್ಲೇ ಇತ್ತು. "ಈಗ ಖರೇ ಮಾಡ್ರಿ ಬಾಯಾರ" ಎಂದರು. ನಿಮ್ಮದೇ ಮಾತು ಅವರ ಬಾಯಲ್ಲಿ ಹೇಗೆ ಬಂತು? ಎಲ್ಲಿಗೆ ಹೋಗೋಣ ಎಂದು ಕೇಳಿದೆ. ಅವರ ತವರು ಕಾಗಿನೆಲೆ, ಅಲ್ಲಿಯ ಕೆರೆ ದಂಡೆಗೆ ಹೋಗೋಣ ಎಂದರು. ಹತ್ತು ಎಂದೆ. ಆರಕ್ಕೆ ಬಂದಾಗ ಮತ್ತೆ ನಿಂತೆ. ಅವರು ಕಣ್ಣು ಮುಚ್ಚಿ ಕಾಯುತ್ತಿದ್ದರು, ನಿಮ್ಮ ಹಾಗೆಯೇ. ಮುಂದ ಎಣಸವ್ವಾ ಎಂದು ನೀವು ಅಂದದ್ದು ಕಿವಿಯಲ್ಲೇ ಇತ್ತು. ಐದು ಎಂದೆ. ಕೈ ಏಳಲಿಲ್ಲ. ನಾಲ್ಕು. ಏಳಲಿಲ್ಲ. ಮೂರಕ್ಕೆ ಕಿರುಬೆರಳು ಅಲುಗಿತು. ಆಮೇಲೆ ಆ ಕೆಂಪು ಉಗುರಿನ ಕೈ ಸಣ್ಣಗೆ ಜಗ್ಗಿ, ನಿಂತು, ಮತ್ತೆ ಜಗ್ಗಿ, ಸೀರೆಯ ಮೇಲಿನಿಂದ ನಾಲ್ಕು ಬೆರಳಿನಷ್ಟು ಎತ್ತರಕ್ಕೆ ಬಂತು. ನಾನು ಒಂದರವರೆಗೂ ಎಣಿಸಿದೆ.

ಅವರಿಗೆ ಐದು ಸಲ ಮಾಡಿದೆ. ಕೆಲವು ಸಲ ಕೈ ಏಳಲಿಲ್ಲ, ಏಳದಿದ್ದದ್ದನ್ನೂ ಹಾಗೆಯೇ ಬರೆದು ಮೇಡಂಗೆ ಒಪ್ಪಿಸಿದೆ. ನೋವು ಎಷ್ಟು ಎಂದು ಈಗ ಯಾರನ್ನೂ ಬರೀ ಎಣಿಕೆಯಲ್ಲಿ ಕೇಳುವುದಿಲ್ಲ. ಎಷ್ಟು ರೊಟ್ಟಿ ಉಣ್ಣುತ್ತೀರಿ, ಯಾವ ಮಗ್ಗುಲಿಗೆ ಮಲಗುತ್ತೀರಿ, ಕುಪ್ಪಸ ಸಡಿಲಾಗಿದೆಯೇ ಎಂದು ಕೇಳುತ್ತೇನೆ. ಡಾಕ್ಟರ ಚೀಟಿ ನೋಡದೆ ಕಣ್ಣು ಮುಚ್ಚಿಸುವುದಿಲ್ಲ. ಈ ಕೆಲಸ ಮಾಡುವಷ್ಟು ದಿನವೂ ಹೀಗೆಯೇ, ಇದು ನಿಮಗೆ ಕೊಟ್ಟ ಮಾತು.

ಹೋದ ರವಿವಾರ ಮೇಡಂ ಫೋನ್ ಮಾಡಿ ಹಾವೇರಿಗೆ ಕರೆದರು. ಬಸ್ಸಿನಲ್ಲಿ ನಿಂತೇ ಹೋದೆ, ನಿಂತೇ ಬಂದೆ. ಚೀಲದಲ್ಲಿದ್ದದ್ದನ್ನು ನಿಮ್ಮ ಮಗ ತೆಗೆದು ನೋಡಿ, ನಿಮ್ಮ ಫೋಟೋದ ಕೆಳಗೆ ಇಟ್ಟರು. ಐದು ಸಲ ಕೇಳಿದಿರಿ, ಐದು ಸಲ ನಗುತ್ತ ತೇಲಿಸಿಬಿಟ್ಟೆ. ಇವತ್ತು ಹೇಳುತ್ತೇನೆ, ಕೇಳಿಸಿಕೊಳ್ಳಿ.

ಪಾಸಾದ್ನಿರಿ ಅತ್ತಿ. ಈ ಸಲ ಖರೇ.

ನಿಮ್ಮ ಸೊಸೆ,
ಶೈಲಾ