ಗಂಟು ಸೌದೆಯ ರೇಟು

ಡಿಸೆಂಬರ್ ೧೪, ಭಾನುವಾರ

ಪ್ರೀತಿಯ ಅಪ್ಪನಿಗೆ,

ಈ ಕಾಗದ ಬರೆಯುತ್ತಿರುವುದಕ್ಕೇ ಮೊದಲು ಸಾರಿ ಕೇಳುತ್ತೇನೆ. ಸೌದೆ ಡಿಪೋ ವಿಷಯ ನಿಮ್ಮ ಕಿವಿಗೆ ಹಾಕಕೂಡದು ಅಂತ ಅಕ್ಕ ಫೋನಿನಲ್ಲಿ ಆರ್ಡರ್ ಮಾಡಿದ್ದಾಳೆ. "ಬೆನ್ನಿನ ಆಪರೇಷನ್ ಆಗಿದೆ ಕಣೆ. ಸೌದೆ ಅಂದ್ರೆ ಸಾಕು, ಅಪ್ಪ ಎದ್ದು ಚಪ್ಪಲಿ ಹುಡುಕ್ತಾರೆ" ಅಂದಳು. ನೀವು ಅವಳ ಮನೆಯಲ್ಲಿದ್ದು, ಫೋನೂ ಅವಳ ಕೈಯಲ್ಲೇ ಇರುವುದರಿಂದ ನನಗೆ ಉಳಿದದ್ದು ಇದೊಂದೇ ದಾರಿ. ಅಕ್ಕಾ, ಕವರನ್ನು ನೀನೇ ಒಡೆದಿದ್ದರೆ ಪ್ಲೀಸ್, ಬೈದುಕೊಂಡಾದರೂ ಅಪ್ಪನ ಕೈಗೆ ಕೊಟ್ಟುಬಿಡು.

ಬರೆಯಲು ತಡವಾದದ್ದಕ್ಕೂ ಸಾರಿ. ಎರಡು ಸಲ ಶುರು ಮಾಡಿ ಹರಿದುಹಾಕಿದೆ. ಕನ್ನಡದಲ್ಲಿ ಇಷ್ಟುದ್ದ ಬರೆದು ಅಭ್ಯಾಸವಿಲ್ಲ. ಹಾಸ್ಟೆಲಿನಿಂದ ಬರುತ್ತಿದ್ದ ಕಾಗದ ನಿಮಗೆ ಗೊತ್ತಲ್ಲ, ಇಂಗ್ಲಿಷಿನಲ್ಲಿ ನಾಲ್ಕು ಸಾಲು, ವಾರ್ಡನ್ ಮಿಸ್ ಓದಿ ಸರಿ ಅಂದಮೇಲೆ ಪೋಸ್ಟ್. ಈಗ ಸರಿ ಅನ್ನುವವರು ಯಾರೂ ಇಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅಮ್ಮ ಚೆನ್ನಾಗಿದ್ದಾಳೆ. ಬೆಳಿಗ್ಗೆ ಗೇಟು ತೆಗೆದು, ಹೊಲಿಗೆ ಹಿಡಿದುಕೊಂಡು ನಿಮ್ಮ ಸ್ಟೂಲಿನ ಮೇಲೆ ಕೂರುತ್ತಾಳೆ. ಸೌದೆ ಒಡೆಯುವವನು ಬೀಡಿ ಹಚ್ಚಿದರೆ ಸೂಜಿ ತೋರಿಸಿ ಹೆದರಿಸುತ್ತಾಳೆ. ಅವನೂ ಹೆದರಿದ ಹಾಗೆ ಮಾಡುತ್ತಾನೆ.

ವಿಷಯಕ್ಕೆ ಬರುತ್ತೇನೆ. ಈ ಸಲ ಲಾರಿಯವನು ಲೋಡಿಗೆ ಜಾಸ್ತಿ ಕೇಳಿದ. ಹಳೇ ರೇಟಿಗೇ ಮಾರಿದರೆ ಕೈಯಿಂದ ಹಾಕಬೇಕಾಗುತ್ತಿತ್ತು. ಅಮ್ಮ ನನ್ನ ಕಡೆ ತಿರುಗಿ, "ಕಾಮರ್ಸ್ ಓದ್ತೀಯಲ್ಲ, ರೇಟು ನೀನೇ ಫಿಕ್ಸ್ ಮಾಡು" ಅಂದಳು. ಇನ್ನೂ ಫಸ್ಟ್ ಇಯರಮ್ಮ, ನನಗೇನು ಬರುತ್ತೆ ಅಂದೆ. "ನಂಗೆ ಅದೂ ಆಗಿಲ್ಲ" ಅಂದಳು. ಸರಿ ಅಂತ ಕೂತೆ. ಲಾರಿ ಬಾಡಿಗೆ, ಇಳಿಸುವ ಕೂಲಿ, ಒಡೆಯುವ ಕೂಲಿ, ಹಸಿ ಸೌದೆ ಒಣಗುವಾಗ ಕಳೆದುಕೊಳ್ಳುವ ತೂಕ, ಎಲ್ಲ ಸೇರಿಸಿ ಒಂದು ಅವರೇಜ್ ತೆಗೆದೆ. ಮೂರು ಸಲ ಕೂಡಿಸಿ ನೋಡಿದೆ. ಕೊನೆಗೆ ಹಳೇ ಕಪಾಟಿನ ಬಾಗಿಲಿಗೆ ಕಪ್ಪು ಬಣ್ಣ ಬಳಿದು ಬಿಳಿ ಅಕ್ಷರದಲ್ಲಿ ಬರೆದೆ: ಸೀಳಿದ ಸೌದೆ ಕೆಜಿಗೆ ಹನ್ನೆರಡು, ಚಕ್ಕೆ ಒಂಬತ್ತು, ಎಲ್ಲರಿಗೂ ಒಂದೇ ರೇಟು. ಗೇಟಿಗೆ ತೂಗುಹಾಕಿ ರಸ್ತೆಯ ಆ ಬದಿಗೆ ಹೋಗಿ ನೋಡಿದೆ. ಅಕ್ಷರ ಸ್ವಲ್ಪ ಸೊಟ್ಟ ಅನ್ನುವುದು ಬಿಟ್ಟರೆ ಬಹಳ ಖುಷಿಯಾಯಿತು. ಇಷ್ಟು ವರ್ಷ ನಮ್ಮ ಡಿಪೋದಲ್ಲಿ ರೇಟನ್ನು ಬಾಯಲ್ಲೇ ಹೇಳುತ್ತಿದ್ದಿರಿ ಅನ್ನುವುದು ನನಗೆ ಒಂಥರಾ ನಾಚಿಕೆಯಾಗಿ ಕಂಡಿತ್ತು, ನಿಜ ಹೇಳುತ್ತೇನೆ.

ಮರುದಿನ ಬೆಳಿಗ್ಗೆ ಅಮ್ಮ ಪೇಟೆಗೆ ಹೋಗಿದ್ದಳು, ನಾನೊಬ್ಬಳೇ ಇದ್ದೆ. ಬೇಕರಿಯವರೂ ಲಾಡ್ಜಿನ ಬಟ್ಟೆ ಒಗೆಯುವ ಅಜ್ಜಿಯೂ ಒಟ್ಟಿಗೆ ಬಂದರು. ಬೇಕರಿಯವರು ಬೋರ್ಡನ್ನು ಇಡೀ ಬೀದಿಗೆ ಕೇಳುವ ಹಾಗೆ ಓದಿದರು. "ಹನ್ನೆರಡಾ? ಏನ್ ಮೇಡಂ, ಯಜಮಾನ್ರು ನನ್ನ ಹತ್ರ ಹದಿಮೂರು ತಗೋತಿದ್ರಲ್ಲ! ನನ್ನ ಬನ್ನು ಉಬ್ಬೋದು ನೋಡಿ ಅವರ ರೇಟೂ ಉಬ್ಬಿತ್ತೇನೋ!" ಅಂದರು.

ಅಜ್ಜಿಗೆ ಓದಲು ಬಾರದು. "ನಂಗೆಷ್ಟು ಬಿತ್ತು ಹಾಗಾದ್ರೆ?" ಅಂತ ಕೇಳಿದರು. ನಾನು ಆಗಲೇ ಅವರಿಗೆ ಒಳ್ಳೇ ಸೀಳಿದ ಸೌದೆ ತೂಗಿ ಕಟ್ಟಿಟ್ಟಿದ್ದೆ. ಅವರು ಅರ್ಧಕ್ಕಿಂತ ಕಡಿಮೆ ಕೊಡುತ್ತಿದ್ದರು ಅಂತ ಅಮ್ಮ ಯಾವಾಗಲೋ ಹೇಳಿದ್ದಳು. ಅದಕ್ಕೇ ದೊಡ್ಡ ಮನಸ್ಸು ಮಾಡಿ, "ಪರವಾಗಿಲ್ಲ ಅಜ್ಜಿ, ನೀವು ಮುಂಚಿನ ಥರ ಐದೇ ಕೊಡಿ, ನಿಮಗೆ ಕನ್ಸೆಷನ್" ಅಂದುಬಿಟ್ಟೆ. ಬೇಕರಿಯವರು ಜೋರಾಗಿ ನಕ್ಕು, "ಓಹೋ, ಅಜ್ಜಿ ಹಂಡೆ ಕಾಯ್ತಾ ಇದ್ದಿದ್ದು ನನ್ನ ದುಡ್ಡಲ್ಲಿ ಅನ್ನಿ!" ಅಂದರು. ತಮಾಷೆಗೇ ಅಂದದ್ದು. ಅಜ್ಜಿಯೂ ಒಂಚೂರು ನಕ್ಕರು. ಆಮೇಲೆ ಹೊರೆ ಬಿಚ್ಚಿ, ಅರ್ಧ ಸೌದೆ ತೆಗೆದು ತಕ್ಕಡಿ ಪಕ್ಕ ಜೋಡಿಸಿಟ್ಟು, ಉಳಿದದ್ದಕ್ಕೆ ಬೋರ್ಡಿನ ರೇಟೇ ಎಣಿಸಿ ಕೊಟ್ಟು ಹೋದರು. ಮತ್ತೆ ಈ ಕಡೆ ತಲೆ ಹಾಕಿಲ್ಲ.

ಗೇಟಿಗೆ ಲೋಡು ಬಂತು. ಆಮೇಲೆ ಬರೆಯುತ್ತೇನೆ.

ಮಂಗಳವಾರ

ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ. ಬೇಕರಿಯವರದು ಬಗೆಹರಿಯಿತು. ಅವರ ಒಲೆಗೆ ಅಳತೆ ಹಿಡಿದು ಗಿಡ್ಡ ಕತ್ತರಿಸಿ, ಒಣಗಿದ್ದನ್ನೇ ಆರಿಸಿ ಕೊಡುವುದಕ್ಕೆ ಆ ಒಂದು ರೂಪಾಯಿ ಹೆಚ್ಚು ಅಂತ ಅಮ್ಮ ಹೇಳಿದಳು. ಅವರು ಗೊಣಗಿ ಒಪ್ಪಿದರು.

ಅಜ್ಜಿ ವಿಷಯ ಕೇಳಿ ಅಮ್ಮ ಬೈಯಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅವರಿಗೆ ನಿಮ್ಮಪ್ಪ ಯಾವತ್ತೂ ಸೀಳಿದ್ದು ಕೊಟ್ಟಿಲ್ಲ ಕಣೆ. ಹಿಂದಿನ ಗೋಡೆ ಹತ್ರ ಗಂಟುಗಂಟಾಗಿರೋ ಬೊಡ್ಡೆ ರಾಶಿ ಇದೆಯಲ್ಲ, ಅದನ್ನ ಕೊಡೋರು. 'ಇದಕ್ಕೆ ಕೊಡಲಿ ಹಿಡಿಯಲ್ಲ, ತಗೊಂಡೋಗಿ ಜಾಗ ಖಾಲಿ ಮಾಡ್ಕೊಡಿ' ಅನ್ನೋರು. ಅಜ್ಜಿ ಸುಮ್ನೆ ಬೇಡ ಅಂತ ಕೆಜಿಗೆ ಐದರ ಲೆಕ್ಕದಲ್ಲಿ ಕೊಡೋರು" ಅಂದಳು. ಹಾಗಾದರೆ ಅದು ಕನ್ಸೆಷನ್ನಾ, ರೇಟಾ ಅಂತ ಕೇಳಿದೆ. "ನಾನು ಕೇಳಿಲ್ಲ, ನಿಮ್ಮಪ್ಪ ಹೇಳಿಲ್ಲ" ಅಂದಳು.

ನಿನ್ನೆ ಅಜ್ಜಿಯ ಮನೆಗೆ ಹೋದೆ. ಹಿತ್ತಲಿನ ತುಂಬ ಬಿಳಿ ಹಾಸಿಗೆ ಬಟ್ಟೆ, ಮಧ್ಯೆ ದೊಡ್ಡ ಹಂಡೆ. ಒಲೆಯಲ್ಲಿ ಉರಿಯುತ್ತಿದ್ದದ್ದು ರಟ್ಟಿನ ಡಬ್ಬ, ಹರಿದ ಚಾಪೆ. ಉರಿ ಭುಗ್ಗನೆ ಏಳುತ್ತದೆ, ನೀರು ಕುದಿಯುವ ಮುಂಚೆಯೇ ಆರುತ್ತದೆ. ರಟ್ಟಿನ ಕರಿ ಹಾರಿಹಾರಿ ಒದ್ದೆ ಬಟ್ಟೆಯ ಮೇಲೆ ಕೂರುತ್ತಿತ್ತು. ಲಾಡ್ಜಿನವರು ಒಂದು ಗಂಟು ಬಟ್ಟೆಯನ್ನು ಮಸಿ ಅಂತ ವಾಪಸ್ ಕಳಿಸಿದ್ದಾರಂತೆ. ಇನ್ನೊಂದು ಸಲ ಹೀಗಾದರೆ ಮೆಷಿನ್ ಅಂಗಡಿಗೆ ಕೊಡುತ್ತೇವೆ ಅಂದಿದ್ದಾರಂತೆ.

ನನ್ನನ್ನು ನೋಡಿ ಅಜ್ಜಿ ಮುಖ ತಿರುಗಿಸಲಿಲ್ಲ. ಬಟ್ಟೆಯ ಒಂದು ತುದಿ ನನ್ನ ಕೈಗೆ ಕೊಟ್ಟು, "ಮೂಲೆಗೆ ಮೂಲೆ ಸೇರ್ಸು. ಹೆದರ್ಬೇಡ, ಕಚ್ಚಲ್ಲ. ಕಾಲೇಜಲ್ಲಿ ಇದನ್ನ ಹೇಳ್ಕೊಡಲ್ವಾ?" ಅಂದರು. ನಾನು ಮಡಿಚುತ್ತಲೇ ಸಾರಿ ಕೇಳಿದೆ. ಗಂಟು ಸೌದೆ ತಂದುಹಾಕಿಸುತ್ತೇನೆ, ದುಡ್ಡು ಆಮೇಲೆ ನೋಡೋಣ ಅಂದೆ.

"ಧರ್ಮಕ್ಕೆ ತಗೊಳ್ಳೋಳಾಗಿದ್ರೆ ಈ ವಯಸ್ಸಲ್ಲಿ ಕಂಡೋರ ಹಾಸಿಗೆ ಬಟ್ಟೆ ಯಾಕಮ್ಮಾ ಬೇಯಿಸ್ತಿದ್ದೆ? ಇಷ್ಟು ದಿನ ಅವರಿಗೂ ಅನುಕೂಲ ನಂಗೂ ಅನುಕೂಲ ಅಂದ್ಕೊಂಡು ತಗೊಂಡೆ. ಅದು ದಾನ ಅಂತ ನೀನು ಹೇಳಿದ ಮೇಲೇ ಗೊತ್ತಾಗಿದ್ದು. ನಿಮ್ಮ ಡಿಪೋ ಯಜಮಾನ್ರೇ ಗಂಟು ಸೌದೆಗೆ ಇಷ್ಟು ಅಂತ ಹೇಳ್ಲಿ, ಆಗ ಬರ್ತೀನಿ" ಅಂದರು.

ಅದಕ್ಕೇ ಕೇಳುತ್ತಿದ್ದೇನೆ ಅಪ್ಪಾ. ಗಂಟು ಸೌದೆಗೆ ನಿಜವಾದ ರೇಟು ಎಷ್ಟು? ನನ್ನ ಲೆಕ್ಕದಲ್ಲಿ ಅದು ಎರಡು ಥರ ಬರುತ್ತಿದೆ. ಒಡೆಸಿ ಮಾರಿದರೆ ಬೋರ್ಡಿನ ರೇಟನ್ನೂ ದಾಟುತ್ತದೆ. ಒಂದನ್ನು ಒಡೆಸಿ ನೋಡಿದೆ, ಕೊಡಲಿಯ ಹಿಡಿಯೇ ಮುರಿಯಿತು. "ಗಂಟು ಒಡೆಸೋರು ಕೊಡಲಿಗೂ ಒಬ್ಬ ಡಾಕ್ಟ್ರನ್ನ ಇಟ್ಕೊಳ್ಳಿ" ಅಂದ ಒಡೆಯುವವನು. ಒಡೆಯದೆ ಹಾಗೇ ಕೊಟ್ಟರೆ ಕೂಲಿ ಇಲ್ಲ, ಜಾಗವೂ ಖಾಲಿ, ಹಂಡೆ ಒಲೆಗೆ ಸೀಳುವ ಅಗತ್ಯವೂ ಇಲ್ಲ. ಆಗ ಐದೇ ಸರಿ ಅನ್ನಿಸುತ್ತದೆ. ಆದರೆ ಅನ್ನಿಸುತ್ತದೆ ಅಂತ ಹೋಗಿ ಅವರಿಗೆ ಹೇಳಲಾರೆ. ನೀವು ಕರುಣೆಯಿಂದಲೇ ಕಡಿಮೆ ತಗೊಳ್ಳುತ್ತಿದ್ದರೆ ಅದನ್ನೂ ಬರೆಯಿರಿ, ಸುಳ್ಳು ಹೇಳುವುದು ಬೇಡ, ಬೇರೆ ಏನಾದರೂ ಯೋಚಿಸುತ್ತೇನೆ. ರೇಟೇ ಆಗಿದ್ದರೆ ಒಂದು ಚೀಟಿಯಲ್ಲಿ ನಿಮ್ಮ ಕೈಯಾರೆ ಬರೆದು ಕಳಿಸಿ. ಅಜ್ಜಿಗೆ ಓದಿ ಹೇಳುತ್ತೇನೆ. ಲಾಡ್ಜಿನ ಮುಂದಿನ ಬಟ್ಟೆ ಶನಿವಾರ ಬರುತ್ತದೆ.

ಬೆನ್ನು ಬಗ್ಗಿಸಬೇಡಿ, ಅಕ್ಕನ ಮಗು ಎಷ್ಟು ಅತ್ತರೂ ಎತ್ತಿಕೊಳ್ಳಬೇಡಿ. ನೀವು ಬೇಗ ನೆಟ್ಟಗೆ ನಡೆಯುವಂತಾಗಲಿ ಅಂತ ಅಮ್ಮ ದಿನಾ ಹೇಳುತ್ತಾಳೆ, ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ನನಗೂ ಒಂದು ಆಶೀರ್ವಾದ ಇರಲಿ, ಪರೀಕ್ಷೆ ಹತ್ತಿರವಾಗುತ್ತಿದೆ.

ನಿಮ್ಮ
ಚಿಕ್ಕ ಮಗಳು

ಮತ್ತೆ: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಹೊರಡುವಾಗ ಅಜ್ಜಿಗೆ, ಅವರು ನಮ್ಮ ಯಜಮಾನರಲ್ಲ, ನಮ್ಮಪ್ಪ ಅಂದೆ. ಅಜ್ಜಿ ನಕ್ಕುಬಿಟ್ಟರು. "ಸುಮ್ನಿರಮ್ಮಾ. ಅವರಿಗೆ ಒಬ್ಬಳೇ ಮಗಳು, ಮದುವೆಯಾಗಿ ಹೋದಳಲ್ಲ. ನಂಗೆ ಗೊತ್ತಿಲ್ವಾ?" ಅಂದರು. ನಾನು ಹಾಸ್ಟೆಲಿಗೆ ಹೋದದ್ದು ಎರಡನೇ ಕ್ಲಾಸಿಗೆ, ರಜೆಗೆ ಬಂದರೂ ಒಳಗೇ ಓದುತ್ತ ಕೂರುತ್ತಿದ್ದೆ, ಅವರು ನನ್ನನ್ನು ಎಲ್ಲಿ ನೋಡಬೇಕು. ಆದರೆ ಸೌದೆ ಕಟ್ಟುತ್ತ ನೀವು ಅವರ ಹತ್ತಿರ ಮನೆಯ ಮಾತೆಲ್ಲ ಆಡುತ್ತಿದ್ದಿರಂತೆ. ಅಕ್ಕನಿಗೆ ಹುಳಿ ಇಷ್ಟ ಅನ್ನುವುದು ಕೂಡ ಅವರಿಗೆ ಗೊತ್ತು. ಅಷ್ಟು ವರ್ಷದಲ್ಲಿ ನನ್ನ ಮಾತು ಒಂದು ಸಲವೂ ಬರಲಿಲ್ಲವಾ ಅಪ್ಪಾ? ಜಗಳಕ್ಕೆ ಕೇಳುತ್ತಿಲ್ಲ, ತಿಳಿದುಕೊಳ್ಳಬೇಕು ಅಷ್ಟೇ. ಎರಡಕ್ಕೂ ದಯವಿಟ್ಟು ಬೇಗ ಉತ್ತರ ಬರೆಯಿರಿ.