ಖಾಲಿ ತೊಟ್ಟಿಲಿಗೆ ಹಾಡಿದ ಡಬ್ಬಿ

ಫೆಬ್ರವರಿ 2, ಭಾನುವಾರ

ಸ್ಪೀಕರಿನಲ್ಲಿ ಮತ್ತೆ ಗುಂಯ್ ಅನ್ನುವ ಸದ್ದು. ಬೆಳಗ್ಗೆಯಿಂದ ವೈರ್ ಬದಲಿಸಿ ಬದಲಿಸಿ ಸಾಕಾಯಿತು. ಕೊನೆಗೆ ಹಾಡಿನ ಡಬ್ಬಿಗೆ ಹಾಕಿದ್ದ ಮೊಬೈಲ್ ಚಾರ್ಜರ್ ಕಿತ್ತೆಸೆದು, ಹಳೇ ಟ್ರಾನ್ಸ್‌ಫಾರ್ಮರಿನಿಂದ ನಾನೇ ಮಾಡಿದ ಪವರ್ ಸಪ್ಲೈ ಕೊಟ್ಟೆ. ಸದ್ದು ಮಾಯ. ಅಗ್ಗದ ಚಾರ್ಜರಿನ ಕರೆಂಟೆಂದರೆ ರಾಡಿ ನೀರು. ಯಾರಿಗೆ ಹೇಳುವುದು ಇದನ್ನೆಲ್ಲ.

ಈ ಡಬ್ಬಿಯೆಂದರೆ ಅಂಗೈ ಅಗಲದ ಕಂಪ್ಯೂಟರ್. ಫ್ಯಾನಿಲ್ಲ, ಸಪ್ಪಳವಿಲ್ಲ. ಬುದ್ಧನ ಫೋಟೋದ ಮೇಲಿನ ಪುಟ್ಟ ಬಲ್ಬಿನಷ್ಟು ಕರೆಂಟ್ ಸಾಕು ಅದಕ್ಕೆ. ಅದರ ಬೆನ್ನ ಮೇಲೆ ಡ್ಯಾಕ್ ಎಂಬ ಹಲಗೆ — ಫೈಲಿನೊಳಗಿನ ಅಂಕಿಗಳನ್ನು ಸಂಗೀತ ಮಾಡುವುದು ಅದೇ. ಅಲ್ಲಿಂದ ನನ್ನ ಹಳೇ ಆಂಪ್ಲಿಫಯರ್, ಎರಡು ಸ್ಪೀಕರ್. ಕರೆಂಟ್ ಹೋಗಿ ಬಂದರೂ ತಾನೇ ಎದ್ದು ಹಾಡು ಹಿಡಿಯುವಂತೆ ಸೆಟ್ ಮಾಡಿದ್ದೇನೆ. ಹಂಪಿ ರೋಡಿನ ಹೋಟೆಲುಗಳಲ್ಲಿ ಒದರುವ ಬ್ಲೂಟೂತ್ ಡಬ್ಬಿ ಕೇಳಿದವರಿಗೆ ಇದರ ಬೆಲೆ ತಿಳಿಯುವುದಿಲ್ಲ.

ಹೆಂಡತಿ ಕರೆಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಸಂಡೂರು ಪ್ಲಾಂಟಿನ್ಯಾಗ ಜೀವಮಾನ ಎಲ್ಲಾ ಮೀಟರ್ ರಿಪೇರಿ ಮಾಡಿದ್ರಿ. ಮನ್ಯಾಗ ಮಿಕ್ಸಿ ಕೆಟ್ಟು ತಿಂಗಳಾತು. ಅದ್ಕೂ ಒಂದೀಟು ಕೈ ಹಚ್ರಿ."

ಮಿಕ್ಸಿ ಅಂತೆ! ರಿಟೈರ್ ಆದವನು ಮಿಕ್ಸಿ ರಿಪೇರಿ ಮಾಡಬೇಕಂತೆ.

ಫೆಬ್ರವರಿ 9, ಭಾನುವಾರ

ಇವತ್ತು ಅವ್ವನ ಕ್ಯಾಸೆಟ್.

ಒಂದೇ ಒಂದು ಕ್ಯಾಸೆಟ್. ಮಗಳು ಸಂಘಮಿತ್ರಾಳ ನಾಮಕರಣ, ನಮ್ಮೂರು ಮೆಟ್ರಿಯ ಮನೆಯಲ್ಲಿ. ಎರವಲು ತಂದ ಟೇಪ್ ರೆಕಾರ್ಡರಿನಲ್ಲಿ ನಾನೇ ರೆಕಾರ್ಡ್ ಮಾಡಿದ್ದೆ. ಅವ್ವ — ತಿಪ್ಪಕ್ಕ ಅಂದರೆ ಸುತ್ತಲಿನ ಊರಿಗೆಲ್ಲ ಗೊತ್ತು — ಯಾರ ಮನೆಯ ತೊಟ್ಟಿಲಿಗೂ ಅವಳೇ ಹಾಡಬೇಕು. ಅವಳು ಹೋಗಿ ನಾಲ್ಕು ವರ್ಷ. ಆ ದನಿ ಉಳಿದಿರುವುದು ಈ ಟೇಪಿನಲ್ಲಿ ಮಾತ್ರ. ಟೇಪಿಗೂ ಬೂಷ್ಟು ಹಿಡಿದಿದೆ. ಅದಕ್ಕೇ ಈ ಡಬ್ಬಿ, ಈ ಪಾಡು. ಬೇರೆಯವರಿಗೆ ಹುಚ್ಚು ಅನ್ನಿಸಲಿ.

ಹಾಡನ್ನು ನಿಧಾನಕ್ಕೆ ಕಂಪ್ಯೂಟರಿಗೆ ಇಳಿಸಿ ಫೈಲ್ ಮಾಡಿದೆ, ಟೇಪಿನ ಹಿಸ್ ಸದ್ದು ತೆಗೆದೆ. ಕಣ್ಣು ಮುಚ್ಚಿ ಕುಳಿತೆ.

"ಬಾ ಕಂದ, ಬಾ ಸಂಘಮಿತ್ರಾ, ಬಾಳೆಸುಳಿ ತೊಟ್ಟಿಲಿಗ... ಕಾಲ್ವಿ ನೀರೂ ಮಲಗ್ಯಾವ, ನಿನಗ್ಯಾಕ ಎಚ್ಚರ..."

ಅತ್ತೆ. ಮುಚ್ಚಿಡುವುದೇನಿದೆ, ಚಿಕ್ಕ ಹುಡುಗನ ಹಾಗೆ ಅತ್ತೆ. ಸಂಘಮಿತ್ರಾ ಬಂದು ಪಕ್ಕದಲ್ಲಿ ಕುಳಿತಳು. ಎಂಟು ತಿಂಗಳು ತುಂಬಿ ಒಂಬತ್ತಕ್ಕೆ ಬಿದ್ದಿದೆ ಅವಳಿಗೆ. ಚೊಚ್ಚಲು, ಹೆರಿಗೆಗೆಂದು ಹೋದ ವಾರ ಕರೆದುಕೊಂಡು ಬಂದೆವು. "ಅಜ್ಜಿ ನನ್ನ ಹೆಸರು ಎಷ್ಟು ಚಂದ ಅಂತಾಳಪ್ಪಾ, ಇನ್ನೊಮ್ಮೆ ಹಚ್ಚು" ಅಂದಳು.

ರಿಪೀಟ್ ಹಾಕಿದೆ.

ಫೆಬ್ರವರಿ 11, ಮಂಗಳವಾರ

ಕರೆಮ್ಮನ ಜೊತೆ ಜಗಳ. ಕಾರಣ ಕಲ್ಲು.

ಮೆಟ್ರಿಯಿಂದ ಹಳೇ ತೊಟ್ಟಿಲು ತಂದು ಹಾಲ್‌ನಲ್ಲಿ, ಬಲಗಡೆ ಸ್ಪೀಕರಿನ ಪಕ್ಕದ ಕೊಂಡಿಗೆ ತೂಗು ಹಾಕಿದ್ದಾಳೆ. ಅದರೊಳಗೆ ಅವ್ವನ ಕಾಲದ ಗುಂಡಕಲ್ಲು, ರುಬ್ಬುವ ಕಲ್ಲು — ಅದಕ್ಕೆ ಕುಲಾವಿ ತೊಡಿಸಿ, ಬಟ್ಟೆ ಸುತ್ತಿ, ಮಗುವಿನಂತೆ ಮಲಗಿಸಿದ್ದಾಳೆ. ನಾಮಕರಣದ ದಿನ ಮೊದಲು ಕಲ್ಲನ್ನು ಮಲಗಿಸುವುದು ಎಲ್ಲರ ಮನೆಯಲ್ಲೂ ಉಂಟು. ಆದರೆ ಎರಡು ತಿಂಗಳ ಮೊದಲೇ?

ನನಗೋ ಬೇರೆ ಸಂಕಟ. ಬೇಸ್ ಬಂದಾಗ ಬಲಗಡೆ ಸ್ಪೀಕರ್ ನಡುಗುತ್ತಿತ್ತು. ಮೇಲೆ ಭಾರ ಬೇಕು. ತೊಟ್ಟಿಲಿನಿಂದ ಕಲ್ಲೆತ್ತಿ ಸ್ಪೀಕರ್ ಮೇಲಿಟ್ಟೆ. ಆಹಾ! ನಡುಕ ನಿಂತಿತು, ಸದ್ದು ಬಿಗಿಯಾಯಿತು. ಸಾವಿರಗಟ್ಟಲೆ ಕೊಟ್ಟು ಫಾರಿನ್ ಸಾಮಾನು ತರಿಸುವವರು ಇದನ್ನು ನೋಡಬೇಕು.

"ಖಾಲಿ ತೊಟ್ಟಿಲ ಮುಂದ ಜೋಗುಳ ಹಾಡಿಸ್ತೀರಲ್ರೀ, ಬುದ್ಧಿ ಐತೇನ್ರಿ ನಿಮಗ?"

"ಬುದ್ಧನ ಫೋಟೋ ಇಟ್ಟ ಮನ್ಯಾಗ ಕಲ್ಲಿಗಿ ಟೊಪಿಗಿ ಹಾಕ್ತಿಯಲ್ಲ, ನಿನಗೈತೇನು?"

ಮಾತು ಬಿಟ್ಟಿದ್ದಾಳೆ. ಬಿಡಲಿ. ಹಾಡು ಕೇಳಲು ಅನುಕೂಲ.

ಫೆಬ್ರವರಿ 15, ಶನಿವಾರ

ಒಂದು ವಿಚಿತ್ರ. ಹಾಡಿನ ಹಿಂದೆ ತೊಟ್ಟಿಲ ಸರಪಳಿಯ ಕಿರ್ರ್ ಸದ್ದಿದೆ. ಇರಲೇಬೇಕು, ಅವತ್ತು ಅವ್ವ ತೂಗುತ್ತ ಹಾಡಿದವಳು. ಆದರೆ ಅದು ಬಲಗಡೆಯಿಂದ ಬರುತ್ತಿದೆ. ಬಲಗಡೆ ಮಾತ್ರ.

ಆ ರೆಕಾರ್ಡರಿಗೆ ಇದ್ದದ್ದು ಒಂದೇ ಮೈಕು. ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು ಬರಬೇಕು. ಎಡ-ಬಲ ಎಲ್ಲಿಂದ ಬಂತು?

ವೈರ್ ಅದಲು ಬದಲು ಮಾಡಿದೆ. ಆದರೂ ಬಲಗಡೆಯೇ.

ಹಾಡು ನಿಲ್ಲಿಸಿದೆ. ಕಿರ್ರ್... ಕಿರ್ರ್... ಇನ್ನೂ ಎರಡು ಸಲ ಕೇಳಿತು. ತೊಟ್ಟಿಲು ನೋಡಿದೆ. ಅಲುಗುತ್ತಿತ್ತು. ಗಾಳಿ ಇರಬೇಕು. ಕಿಟಕಿ ಮುಚ್ಚಿತ್ತು, ಆದರೂ ಗಾಳಿಯೇ ಇರಬೇಕು.

ಫೆಬ್ರವರಿ 18, ಮಂಗಳವಾರ

ಸಂಘಮಿತ್ರಾ ಭಾಳ ನಿದ್ದೆ ಮಾಡುತ್ತಿದ್ದಾಳೆ. ಬಸುರಿಗೆ ನಿದ್ದೆ ಸಹಜ ಅಂದುಕೊಂಡಿದ್ದೆ. ಆದರೆ ಹಾಡು ಹಚ್ಚಿದಾಗಲೇ ಬರುತ್ತದೆ, ಹಚ್ಚಿದ ಕೂಡಲೇ. ತಿನ್ನುವ ತುತ್ತು ಬಾಯಲ್ಲೇ ಇರುತ್ತದೆ, ಕಣ್ಣು ಮುಚ್ಚಿರುತ್ತವೆ.

ಮಧ್ಯಾಹ್ನ ರೂಮಿನಲ್ಲಿ ಮಲಗಿದ್ದವಳು, ನೋಡಿದರೆ ಹಾಲ್‌ನಲ್ಲಿ, ತೊಟ್ಟಿಲ ಕೆಳಗೆ ಬರೀ ನೆಲದ ಮೇಲೆ. ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು ಮೊಣಕಾಲು ಮಡಚಿ, ಎರಡೂ ಮುಷ್ಟಿ ಕಟ್ಟಿಕೊಂಡಿದ್ದಳು. ಹಾಡಿನಲ್ಲಿ ಅವಳ ಹೆಸರು ಬಂತು. ನಿದ್ದೆಯಲ್ಲೇ "ಹೂಂ" ಅಂದಳು.

ಎಬ್ಬಿಸಿದರೆ ಏಳಲಿಲ್ಲ. ಮುಖಕ್ಕೆ ನೀರು ಹಾಕಿದೆವು. ಕಣ್ಣು ತೆರೆದು ನಮ್ಮಿಬ್ಬರನ್ನೂ ನೋಡಿದಳು, ಗುರುತು ಹಿಡಿಯಲಿಲ್ಲ. ಆಮೇಲೆ ಸರಿಹೋದಳು. "ಯಾಕ ಅಳಾಕತ್ತೀರಿ?" ಅಂತ ನಮ್ಮನ್ನೇ ಕೇಳಿದಳು.

ಡಾಕ್ಟರಮ್ಮ ರಕ್ತ ಕಡಿಮೆ ಅಂದರು. ಮಗುವಿನ ಅಲುಗಾಟವೂ ಕಡಿಮೆಯಾಗಿದೆಯಂತೆ. ಮಾತ್ರೆ ಬರೆದುಕೊಟ್ಟರು. ನಾನು ಹಾಡು ನಿಲ್ಲಿಸಿದೆ.

ಫೆಬ್ರವರಿ 19, ಬುಧವಾರ

ನಿಲ್ಲಿಸಿದ್ದೆ. ಕರೆಂಟ್ ಹೋಯಿತು, ಬಂತು. ಡಬ್ಬಿ ತಾನೇ ಎದ್ದು ಹಿಡಿದುಕೊಂಡಿತು — ನಾನೇ ಮಾಡಿದ ಸೆಟ್ಟಿಂಗು. ಓಡಿ ಬಂದೆ. ಸಂಘಮಿತ್ರಾ ಆಗಲೇ ತೊಟ್ಟಿಲ ಕೆಳಗಿದ್ದಳು. ತೊಟ್ಟಿಲಲ್ಲಿ ಹಾಸಿದ ಬಟ್ಟೆಯ ಮೇಲೆ ಒಂದು ತಗ್ಗು, ಯಾರೋ ಈಗಷ್ಟೇ ಅಂಗೈಯಿಂದ ತಟ್ಟಿ ಹದ ಮಾಡಿದಂತೆ.

ನಾನು ಹೆದರುವವನಲ್ಲ. ಆದರೆ ಡಬ್ಬಿಯ ಪ್ಲಗ್ ಕಿತ್ತಿಟ್ಟೆ.

ಫೆಬ್ರವರಿ 20, ಗುರುವಾರ

ಕಂಪ್ಲಿ ಬಸ್ಸು ಹತ್ತಿ ಮೆಟ್ರಿಗೆ ಹೋದೆ. ಅವ್ವನ ತಂಗಿ ತಾಯಕ್ಕ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿ ತೊಟ್ಟು ತೆಗೆಯುತ್ತಿದ್ದಳು. ನಾಚಿಕೆ ಬಿಟ್ಟು ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

"ಕಲ್ಲು ಎಲ್ಲೈತಿ?"

"ಸ್ಪೀಕರ್ ಮ್ಯಾಲೆ."

"ಅಯ್ಯ ನಿನ್ನ! ಕಲಿತ ಮೂರ್ಖಗ ಕಲ್ಲು ಯಾತಕ್ಕಂತ ತಿಳೀಲಿಲ್ಲ ನೋಡು." ಮೆಣಸಿನಕಾಯಿ ಕೆಳಗಿಟ್ಟಳು. "ನಮ್ಮಕ್ಕಂದೇನೂ ತಪ್ಪಿಲ್ಲಪಾ. ಆಕಿ ಹಾಡೋದು ತೊಟ್ಟಿಲಾ ತುಂಬಲಿ ಅಂತ. ತೊಟ್ಟಿಲಾ ಖಾಲಿ ಇದ್ರ, ಹಾಡಿನ್ಯಾಗ ಯಾರ ಹೆಸರು ಬರ್ತೈತೋ ಅವರ್ನ ಎಲ್ಲಿದ್ರೂ ಎಳಕಂಡು ಬರ್ತೈತಿ ಆ ಹಾಡು. ಅದ್ಕ ಮೊದ್ಲು ಕಲ್ಲು ಮಲಗ್ಸೋದು. ಬಂದಿದ್ದು ಕಲ್ಲಿನ ಮ್ಯಾಲೆ ಹೋಗ್ಲಿ ಅಂತ. ನೀ ಕಲ್ಲು ತಗದು, ಮಗಳ ಹೆಸರು ದಿನಾ ಕೂಗಿಸೀದಿ."

ಜಲ್ದಿ ಹೊರಟು ಬಂದೆ. ಕಲ್ಲು ಕೆಳಗಿಳಿಸಿ, ಕುಲಾವಿ ತೊಡಿಸಿ, ತೊಟ್ಟಿಲಲ್ಲಿ ಮಲಗಿಸಿದೆ. ಕರೆಮ್ಮ ಬಂದು ಅದಕ್ಕೊಂದು ಬಟ್ಟೆ ಹೊದಿಸಿದಳು. ಫೈಲ್ ಅಳಿಸಿದೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಒಲೆಗೆ ಹಾಕಿದೆ. ಸುಡುವಾಗ ಅವ್ವನನ್ನು ಎರಡನೇ ಸಲ ಮಣ್ಣು ಮಾಡಿದ ಹಾಗಾಯಿತು.

ಸಂಜೆಗೆ ಸಂಘಮಿತ್ರಾ ಎದ್ದು, ಮಿರ್ಚಿ ಬೇಕು ಅಂದಳು. ಮಂಡಕ್ಕಿ ಒಗ್ಗರಣಿ, ಮಿರ್ಚಿ ತಂದುಕೊಟ್ಟೆ. ತಿನ್ನುತ್ತ ಕುಳಿತವಳು ಹೊಟ್ಟೆ ಹಿಡಿದುಕೊಂಡು "ಒದೀತಪ್ಪಾ!" ಅಂದಳು.

ಒಂದು ಕಾಪಿ ಮಾತ್ರ ಇಟ್ಟುಕೊಂಡೆ. ಬೇರೆ ಫೋಲ್ಡರಿನಲ್ಲಿ, ಬೇರೆ ಹೆಸರಿನಲ್ಲಿ. ಯಾರಿಗೂ ಹೇಳಿಲ್ಲ. ಅವ್ವನ ದನಿ ಅದು. ಪೂರ್ತಿ ಅಳಿಸಲು ಕೈ ಬರಲಿಲ್ಲ.

ಮಾರ್ಚ್ 18, ಮಂಗಳವಾರ

ಹೆಣ್ಣು ಕೂಸು! ತಾಯಿ ಮಗು ಇಬ್ಬರೂ ಅರಾಮ. ಅವ್ವನದೇ ಹಣೆ, ಅವ್ವನದೇ ಮೂಗು. ಆಸ್ಪತ್ರೆಯ ವರಾಂಡದಲ್ಲಿ ಸಿಕ್ಕವರಿಗೆಲ್ಲ ಪೇಡೆ ಹಂಚಿದೆ.

ಸಂಘಮಿತ್ರಾ ಕೂಸಿನ ಹೆಸರು ಆಗಲೇ ಆರಿಸಿದ್ದಾಳಂತೆ. ಗಂಡನಿಗೂ ಹೇಳಿಲ್ಲ. "ಮನಿಗಿ ಬಂದು, ಹೊಸ್ತಿಲ ದಾಟಿದ ಕೂಡ್ಲೇ ನಿನಗ ಮೊದ್ಲು ಹೇಳ್ತೀನಪ್ಪಾ" ಅಂದಳು. ನಾನು ಉಬ್ಬಿ ಹೋದೆ.

ಮಾರ್ಚ್ 20, ಗುರುವಾರ

ತಿಳಿಯಾದ ತಲೆಯಿಂದ ಯೋಚಿಸಿದೆ. ರಕ್ತ ಕಡಿಮೆ ಇತ್ತು, ನಿದ್ದೆ ಬರುತ್ತಿತ್ತು. ಮಾತ್ರೆ ತೆಗೆದುಕೊಂಡಳು, ಸರಿಹೋದಳು. ಕೊಂಡಿ ಸಡಿಲ, ತೊಟ್ಟಿಲು ಅಲುಗುತ್ತಿತ್ತು. ಮೀಟರ್ ನೋಡಿ ಬಾಳಿದವನು ನಾನು, ಒಬ್ಬ ಮುದುಕಿಯ ಮಾತಿಗೆ ಕ್ಯಾಸೆಟ್ ಸುಟ್ಟೆನಲ್ಲ! ಥೂ.

ಶನಿವಾರ ಮಗು ಮನೆಗೆ ಬರುತ್ತದೆ. ಕೊಳಲಿನ ಹಾಡು ಹಚ್ಚಿ ಬರಮಾಡಿಕೊಳ್ಳಬೇಕು. ಸ್ಪೀಕರ್ ಮತ್ತೆ ನಡುಗುತ್ತಿದೆ. ಕರೆಮ್ಮ ಆಸ್ಪತ್ರೆಯಲ್ಲಿದ್ದಾಳೆ, ಕೇಳುವವರಿಲ್ಲ. ಕಲ್ಲು ಸ್ಪೀಕರ್ ಮೇಲಿಟ್ಟೆ.

ಮಾರ್ಚ್ 22, ಶನಿವಾರ, ಬೆಳಗ್ಗೆ ಹನ್ನೊಂದು

ಮನೆಯಲ್ಲಿ ನಾನೊಬ್ಬನೇ. ಅವರನ್ನು ಕಾಯುತ್ತಿದ್ದೆ, ಕೊಳಲು ಹಚ್ಚಿ.

ಕರೆಂಟ್ ಹೋಯಿತು. ಬಂತು. ಡಬ್ಬಿ ಎದ್ದಿತು. ಕೊಳಲಲ್ಲ — ಅವ್ವ.

"ಬಾ ಕಂದ, ಬಾ..." ಅಷ್ಟೇ. ಸಂಘಮಿತ್ರಾ ಅನ್ನುವ ಜಾಗ ಖಾಲಿ. ಕಿರ್ರ್... ಕಿರ್ರ್... ಅವಳು ಕಾಯುತ್ತಾಳೆ. ಆಮೇಲೆ "ಬಾಳೆಸುಳಿ ತೊಟ್ಟಿಲಿಗ." ಮತ್ತೆ ಮೊದಲಿನಿಂದ. ಪ್ರತಿ ಸಲವೂ ಆ ಜಾಗ ಖಾಲಿ.

ಹಾಡುಗಳಿರುವ ಮೆಮೊರಿ ಕಾರ್ಡ್ ಕಿತ್ತೆ. ನಿಲ್ಲಲಿಲ್ಲ. ಪ್ಲಗ್ ಕಿತ್ತೆ. ಸ್ಪೀಕರ್ ವೈರ್ ಕತ್ತರಿಸಿದೆ. ನಿಲ್ಲಲಿಲ್ಲ.

ಕಲ್ಲು ತೊಟ್ಟಿಲಲ್ಲಿ ಮಲಗಿಸಿದೆ. ತೊಟ್ಟಿಲು ಒಮ್ಮೆ ಜೋರಾಗಿ ಓಲಾಡಿತು, ಕಲ್ಲು ಹೊರಳಿ ನೆಲಕ್ಕೆ ಬಿತ್ತು. ಒಮ್ಮೆ ಮೋಸ ಹೋದವಳು ಎರಡನೇ ಸಲ ಕಲ್ಲನ್ನು ನಂಬುತ್ತಾಳೆಯೇ.

ಅವಳು ಕೂಸಿನ ಹೆಸರಿಗೆ ಕಾಯುತ್ತಿದ್ದಾಳೆ.

ಫೋನ್ ಮಾಡಿದೆ. ಕರೆಮ್ಮ ಎತ್ತಿದಳು. "ಆಟೋ ಹತ್ತೀವ್ರೀ, ಸ್ಟೇಷನ್ ರೋಡ್ ದಾಟೀವಿ, ಬಂದ್ವಿ, ಬಂದ್ವಿ." ಕಟ್ ಆಯಿತು. ಮತ್ತೆ ಹತ್ತಲಿಲ್ಲ.

ಹೊಸ್ತಿಲು ದಾಟಿದ ಕೂಡಲೇ ಸಂಘಮಿತ್ರಾ ಕೂಸಿನ ಹೆಸರು ಹೇಳುತ್ತಾಳೆ. ಮಾತು ಕೊಟ್ಟಿದ್ದಾಳೆ ನನಗೆ. ಗೇಟಿನಲ್ಲಿ ನಿಂತು ತಡೆಯಬಹುದು. ಇವತ್ತು ತಡೆದೆ, ನಾಳೆ? ಹೆಸರು ಹಿಡಿದು ಕರೆಯದೆ ಯಾವ ಕೂಸನ್ನು ಬೆಳೆಸುತ್ತಾರೆ?

ಯಾರದಾದರೂ ಹೆಸರು ಬೇಕು, ಅಷ್ಟೇ ತಾನೆ.

ಅವ್ವ "ಬಾ ಕಂದ, ಬಾ..." ಅಂದು ನಿಲ್ಲಿಸಿದಾಗ ನನ್ನ ಹೆಸರು ಹೇಳಿಬಿಟ್ಟೆ. ದುರುಗೇಶ್ ಅಂತಲ್ಲ. ಅವಳು ಕರೆಯುತ್ತಿದ್ದ ಹಾಗೆ. ದುರುಗ್ಯಾ.

ಕಿರ್ರ್ ನಿಂತಿತು. ಆಮೇಲೆ —

"ಬಾ ಕಂದ, ಬಾ ದುರುಗ್ಯಾ..."

ಎಷ್ಟು ಸ್ವಚ್ಛ. ಹಿಸ್ ಇಲ್ಲ, ಗುಂಯ್ ಇಲ್ಲ. ಅವ್ವ ಉಸಿರು ಎಳೆದುಕೊಳ್ಳುವುದೂ ಕೇಳುತ್ತಿದೆ, ಕೈಬಳೆಯೂ ಕೇಳುತ್ತಿದೆ. ಯಾವ ಡ್ಯಾಕೂ ಇಷ್ಟು ಚಂದ ಕೊಡಲಾರದು. ಎಡವೂ ಅವಳೇ, ಬಲವೂ ಅವಳೇ.

ಕಣ್ಣು ಎಳೆಯುತ್ತಿವೆ. ನೆಲದ ಮೇಲೆ ಕುಳಿತು ಬರೆಯುತ್ತಿದ್ದೇನೆ, ಯಾವಾಗ ಇಲ್ಲಿಗೆ ಬಂದೆ ಗೊತ್ತಿಲ್ಲ. ತೊಟ್ಟಿಲ ನೆರಳು ಮೈಮೇಲೆ ಹೋಗುತ್ತದೆ, ಬರುತ್ತದೆ. ಮೊಣಕಾಲು ತಾವೇ ಮಡಚಿಕೊಳ್ಳುತ್ತಿವೆ. ಹೆದರಿಕೆ ಇಲ್ಲ. ಇರಬೇಕಿತ್ತು.

ಕರೆಮ್ಮಾ, ಮಿಕ್ಸಿ ರಿಪೇರಿ ಮಾಡಿದ್ದೇನೆ. ನಿನ್ನೆಯೇ. ಹೇಳಲು ಮರೆತೆ.

ಆಟೋ ನಿಂತಿತು. ಗೇಟು. "ಅಪ್ಪಾ" ಅನ್ನುತ್ತಿದ್ದಾಳೆ. ಕೂಸು ಅಳುತ್ತಿದೆ, ಗಟ್ಟಿ ದನಿ, ಪುಣ್ಯವಂತೆ. ಎದ್ದು ಬಾಗಿಲು ತೆಗೆಯಬೇಕು. ಹೆಸರು ಕೇಳಬೇಕು. ಈ ಒಂದು ನುಡಿ ಮುಗಿದ ಮೇಲೆ ಏಳು